ಕೊಳ್ಳೆವು ಎಂದರೆ ನಷ್ಟ ಯಾರಿಗೆ?

ಹತ್ತು ಸಾವಿರ ವಾನ್‌ಗೆ ನಾಲ್ಕು ಡಬ್ಬಿ ವಿದೇಶಿ ಬಿಯರ್. ದಕ್ಷಿಣ ಕೊರಿಯಾದ ಅಂಗಡಿಗಳಲ್ಲಿ ಬಲು ಜನಪ್ರಿಯವಾಗಿದ್ದ ಈ ರಿಯಾಯಿತಿಯಿಂದ 2019ರ ಆಗಸ್ಟ್‌ನಲ್ಲಿ ಜಪಾನಿನ ಬಿಯರ್ ಹೊರಬಿತ್ತು. ಅಕ್ಟೋಬರ್ ಹೊತ್ತಿಗೆ ಕೊರಿಯಾಕ್ಕೆ ಜಪಾನಿನ ಬಿಯರ್ ರಫ್ತು ಸೊನ್ನೆಗೆ ಇಳಿಯಿತು.

ಇದರ ಹಿಂದಿದ್ದ ಎರಡು ದೇಶಗಳ ಜಗಳದ ಬೇರು ಹಳೆಯದು. ಜಪಾನಿನ ವಸಾಹತು ಆಳ್ವಿಕೆಯ ಕಾಲದಲ್ಲಿ ಬಲವಂತವಾಗಿ ದುಡಿಸಿಕೊಂಡ ಕೊರಿಯನ್ನರಿಗೆ ಜಪಾನಿನ ಉಕ್ಕಿನ ಕಂಪನಿಯೊಂದು ಪರಿಹಾರ ಕೊಡಬೇಕೆಂದು 2018ರ ಅಕ್ಟೋಬರ್‌ನಲ್ಲಿ ಕೊರಿಯಾದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎರಡೂ ದೇಶಗಳ ನಡುವಿನ 1965ರ ಒಪ್ಪಂದದಲ್ಲೇ ಲೆಕ್ಕ ಚುಕ್ತಾ ಆಗಿದೆ ಎಂಬುದು ಜಪಾನಿನ ವಾದ. 2019ರ ಜುಲೈನಲ್ಲಿ ಜಪಾನ್ ಚಿಪ್ ಮತ್ತು ಡಿಸ್‌ಪ್ಲೇ ತಯಾರಿಕೆಗೆ ಬೇಕಾದ ಮೂರು ವಸ್ತುಗಳ ರಫ್ತನ್ನು ಬಿಗಿಗೊಳಿಸಿತು. ಭದ್ರತೆಯ ಕಾರಣವೆಂದಿತು, ಕೊರಿಯನ್ನರು ನಂಬಲಿಲ್ಲ. 'ಹೋಗೆವು, ಕೊಳ್ಳೆವು' ಎಂದು ಪಣತೊಟ್ಟರು. ಕೆಲವು ಪೆಟ್ರೋಲ್ ಬಂಕ್‌ಗಳು ಜಪಾನಿ ಕಾರಿಗೆ ಇಂಧನ ಹಾಕಲೂ ಒಲ್ಲೆವು ಎಂದವು.

ಪೆಟ್ಟು ಬಿದ್ದದ್ದು ಎಲ್ಲಿ? ಕೊರಿಯಾದ ಬೂಸಾನ್ ಬಂದರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಜಪಾನಿನ ತ್ಸುಷಿಮಾ ದ್ವೀಪವಿದೆ. 2018ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕೊರಿಯನ್ನರು ಬಂದುಹೋಗಿದ್ದ ಅಲ್ಲಿ ವಸತಿಗೃಹ, ಹೋಟೆಲುಗಳು ಭಣಗುಟ್ಟಿದವು. ಟೋಕಿಯೊದ ರಫ್ತು ಆದೇಶಕ್ಕೂ ಆ ದ್ವೀಪದ ಜನರಿಗೂ ಯಾವ ಸಂಬಂಧವೂ ಇರಲಿಲ್ಲ. ಇತ್ತ ಕೊರಿಯಾದ ಅಗ್ಗದ ದರದ ವಿಮಾನ ಸಂಸ್ಥೆಗಳೂ ಪ್ರಯಾಣಿಕರಿಲ್ಲದೆ ಸೊರಗಿದವು. ಜನ ದೂರವಿಟ್ಟ ಜಪಾನಿನ ಉಡುಪು ಸಂಸ್ಥೆ ಯೂನಿಕ್ಲೊದ ಕೊರಿಯಾ ಕಂಪನಿಯಲ್ಲಿ ಶೇಕಡಾ 49 ಪಾಲು ಕೊರಿಯಾದ್ದೇ ಆದ ಲೋಟೆ ಸಮೂಹದ್ದಾಗಿತ್ತು. ಸ್ಯಾಮ್ಸಂಗ್ ಕಾರ್ಖಾನೆಗಳು ಮಾತ್ರ ಜಪಾನಿನ ಯಂತ್ರ, ರಾಸಾಯನಿಕಗಳನ್ನು ತರಿಸಿಕೊಳ್ಳುತ್ತಲೇ ಇದ್ದವು. ಕಾರ್ಖಾನೆಗಳ ಮಟ್ಟದಲ್ಲಿ ಹೆಣೆದುಕೊಂಡಿರುವ ಈ ನೆರೆಹೊರೆಯ ವ್ಯಾಪಾರ ಗ್ರಾಹಕರ ಕೈಗೆ ಎಟುಕುವಂಥದ್ದಲ್ಲ.

ಚಳವಳಿಯ ಘನತೆ ಉಳಿಸಿದವರೂ ಜನಸಾಮಾನ್ಯರೇ. ಸೋಲ್‌ನ ಜುಂಗ್ ಜಿಲ್ಲಾಡಳಿತ ಬೀದಿ ಕಂಬಗಳಿಗೆ 'ನೋ ಜಪಾನ್' ಬಾವುಟ ಕಟ್ಟಲು ಹೊರಟಾಗ, ಇದು ನಾಗರಿಕರ ಹೋರಾಟ, ಸರ್ಕಾರ ತಲೆಹಾಕಬಾರದು, ಬರುವ ಜಪಾನಿ ಪ್ರವಾಸಿಗರಿಗೆ ಅವಮಾನವಾಗಬಾರದು ಎಂದು ಕೊರಿಯನ್ನರೇ ಆಕ್ಷೇಪಿಸಿದರು. ಅದೇ ದಿನ ಬಾವುಟಗಳು ಕೆಳಗಿಳಿದವು.

ಮುನಿಸು ಕೊನೆಗೆ ಕರಗಿತು. 2023ರ ಮಾರ್ಚ್‌ನಲ್ಲಿ ಜಪಾನ್ ಆ ಮೂರು ವಸ್ತುಗಳ ಮೇಲಿನ ಬಿಗಿ ಸಡಿಲಿಸಿತು. ಆ ವರ್ಷ ಜಪಾನಿಗೆ ಹೋದ ವಿದೇಶಿಯರಲ್ಲಿ ಕೊರಿಯನ್ನರದೇ ಮೊದಲ ಸ್ಥಾನ. ಸುಮಾರು 70 ಲಕ್ಷ ಮಂದಿ. ಕೊಳ್ಳದಿರುವುದು ಜನರ ಹಕ್ಕು, ಅದರಿಂದ ಸಿಟ್ಟು ಗಡಿಯಾಚೆಗೆ ತಲುಪುವುದೂ ನಿಜ. ಆದರೆ ಬಲವಂತದ ದುಡಿಮೆಯ ಪರಿಹಾರದ ತಕರಾರು ಬಿಯರ್ ಬಿಟ್ಟದ್ದರಿಂದ ಬಗೆಹರಿಯಲಿಲ್ಲ; ಅದನ್ನು ಬಗೆಹರಿಸಬೇಕಾದವರು ಆಳುವವರು.