ಪಿಕಪ್ ಗಾಡಿ ಕೊಳ್ಳಬೇಕೆ? ಮೊದಲು ಲೆಕ್ಕ, ಆಮೇಲೆ ಸಹಿ



ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎರಡು ಎಕರೆ ಟೊಮೆಟೊ ಬೆಳೆಯುವ ಕುಟುಂಬ ಒಂದಿದೆ ಎಂದಿಟ್ಟುಕೊಳ್ಳಿ. ಹಣ್ಣು ಬಿಡಿಸಿದ ದಿನವೆಲ್ಲ ಬಾಡಿಗೆ ಗಾಡಿಗಾಗಿ ಕಾಯಬೇಕು. ಗಾಡಿ ತಡವಾದರೆ ಮಂಡಿಯ ಹರಾಜು ತಪ್ಪುತ್ತದೆ. ಬೇಸತ್ತ ಅಪ್ಪ ಒಂದು ದಿನ, "ನಾವೇ ಒಂದು ಪಿಕಪ್ ತಗೊಂಡುಬಿಡೋಣ" ಎನ್ನುತ್ತಾರೆ. ಮರುವಾರವೇ ಸಾಲದ ಅರ್ಜಿ ಮನೆಗೆ ಬರುತ್ತದೆ. ಅದನ್ನು ಓದಿ ಹೇಳಬೇಕಾದವರು ಯಾರು? ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಅಥವಾ ಹುಡುಗಿ, ಅಂದರೆ ನೀವು.

ಇದು ಕೋಲಾರದ ಮಾತು ಮಾತ್ರವಲ್ಲ. ಹೂವು, ತರಕಾರಿ, ಹಾಲು, ಇಟ್ಟಿಗೆ, ಮೀನು ಸಾಗಿಸುವ ಯಾವ ಊರಿನಲ್ಲಾದರೂ ಈ ಪ್ರಶ್ನೆ ಏಳುತ್ತದೆ. ಇಂಥ ಗಾಡಿಯಿಂದ ಮೇಲೆ ಬಂದ ಮನೆಗಳಿವೆ; ಇಂಥ ಗಾಡಿಯ ಕಂತು ಕಟ್ಟಲಾಗದೆ ಜಮೀನು ಮಾರಿದ ಮನೆಗಳೂ ಇವೆ. ವ್ಯತ್ಯಾಸ ಇರುವುದು ಬಹುಮಟ್ಟಿಗೆ ಮೊದಲೇ ಮಾಡಿದ, ಇಲ್ಲವೆ ಮಾಡದೆ ಬಿಟ್ಟ ಲೆಕ್ಕದಲ್ಲಿ. ಆ ಲೆಕ್ಕ ಹೇಗೆಂದು ನೋಡೋಣ.

ಯಾವ ಗಾತ್ರದ ಗಾಡಿ?

ನಮ್ಮ ರಸ್ತೆಗಳ ಸಣ್ಣ ಸರಕು ವಾಹನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪುಟ್ಟ ಟ್ರಕ್ಕು. 2005ರಲ್ಲಿ ಬಂದ ಟಾಟಾ ಏಸ್ ಇದಕ್ಕೆ ಉದಾಹರಣೆ. ಅಂದು ಅದು ಹೊರುತ್ತಿದ್ದ ಭಾರ 750 ಕಿಲೋ. ಮೂರನೆಯದು 1986ರಿಂದ ಪರಿಚಿತವಾಗಿರುವ ಟಾಟಾ 407ರಂಥ ಲಘು ಲಾರಿ. ಇವೆರಡರ ನಡುವೆ ಒಂದರಿಂದ ಒಂದೂಮುಕ್ಕಾಲು ಟನ್ ಹೊರುವ ಪಿಕಪ್ ಬರುತ್ತದೆ. ಮಹೀಂದ್ರ ಬೊಲೆರೊ ಪಿಕಪ್ ಈ ವರ್ಗದ್ದು.

ಪಿಕಪ್ ಎಂಬ ಹೆಸರಿನಲ್ಲೇ ಇನ್ನೊಂದು ಬಗೆಯೂ ಇದೆ. ಮುಂದೆ ಕಾರಿನಂತೆ ನಾಲ್ಕು ಬಾಗಿಲು, ಐದು ಸೀಟು, ಹಿಂದೆ ಚಿಕ್ಕ ತೊಟ್ಟಿ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್ ಇಂಥದ್ದು. ಬಂದಾಗ ಅದರ ಬೆಲೆ 30 ಲಕ್ಷ ರೂಪಾಯಿಗಳನ್ನು ಮೀರಿತ್ತು. ಅದು ಮೂಲತಃ ಸಂಸಾರ ಮತ್ತು ಪ್ರವಾಸದ ಗಾಡಿ. ಸ್ವಂತದ ಬಳಕೆಗೆಂದು ನೋಂದಣಿಯಾದ ಬಿಳಿ ಫಲಕದ ಗಾಡಿಯಲ್ಲಿ ಬಾಡಿಗೆಗೆ ಸರಕು ಒಯ್ಯುವಂತಿಲ್ಲ; ಅದಕ್ಕೆ ಹಳದಿ ಫಲಕದ ಸರಕು ವಾಹನವೇ ಬೇಕು. ಆದ್ದರಿಂದ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಗಾಡಿ ದುಡಿಯಲಿಕ್ಕೋ, ಓಡಾಡಲಿಕ್ಕೋ? ಎರಡಕ್ಕೂ ಒಂದೇ ಗಾಡಿ ಎಂದು ಹೊರಟರೆ ಎರಡೂ ಅರ್ಧಂಬರ್ಧವಾಗುವುದುಂಟು.

ಹೊರುವ ಭಾರದ ಲೆಕ್ಕ

ಗಾಡಿಯ ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ಹೊರಬಹುದಾದ ಭಾರ. ಚಾಲಕನ ತೂಕವೂ ಅದರೊಳಗೇ ಸೇರುತ್ತದೆ.

ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸಿನ ಲೆಕ್ಕ 15 ಕಿಲೋ. ಕ್ರೇಟಿನ ತೂಕಕ್ಕೆ 2 ಕಿಲೋ ಸೇರಿಸಿ 17 ಎಂದುಕೊಳ್ಳಿ. ಸರಕಿಗೆ 1,300 ಕಿಲೋ ಸಿಗುವ ಗಾಡಿಯಲ್ಲಿ ನ್ಯಾಯವಾಗಿ ಹಿಡಿಸುವುದು 76 ಬಾಕ್ಸು. ನೂರು ಹೇರಿದರೆ ಭಾರ 1,700 ಕಿಲೋ ಆಗುತ್ತದೆ, ಅಂದರೆ 400 ಕಿಲೋ ಹೆಚ್ಚು. "ಎಲ್ಲರೂ ಹಾಕುತ್ತಾರೆ" ಎಂಬ ಮಾತು ನಿಜವಿರಬಹುದು. ಆದರೆ ಬ್ರೇಕಿಗೆ ಆ ಮಾತು ಗೊತ್ತಿಲ್ಲ. ಭಾರ ಹೆಚ್ಚಿದಷ್ಟೂ ಗಾಡಿಯ ಚಲನಶಕ್ತಿ ಹೆಚ್ಚುತ್ತದೆ, ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಟೈರು ಬಿಸಿಯಾಗುತ್ತದೆ, ಸ್ಪ್ರಿಂಗ್ ಪ್ಲೇಟು ಮುರಿಯುತ್ತದೆ. 2019ರಲ್ಲಿ ಆದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಎಂದಿದೆ. ಹೆಚ್ಚು ಹೇರಿದರೆ ಮಾತ್ರ ಲಾಭ ಬರುವ ಲೆಕ್ಕವಿದ್ದರೆ, ಅದು ಲಾಭದ ಲೆಕ್ಕವೇ ಅಲ್ಲ.

ನಿಂತರೂ ಖರ್ಚು, ಓಡಿದರೂ ಖರ್ಚು

ಇನ್ನು ಮುಖ್ಯ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಗಾಡಿ ರಸ್ತೆಗೆ ಇಳಿಯುವಷ್ಟರಲ್ಲಿ 10 ಲಕ್ಷ ರೂಪಾಯಿ ಆಗುತ್ತದೆ ಎನ್ನೋಣ. ಮುಂಗಡ 2 ಲಕ್ಷ, ಸಾಲ 8 ಲಕ್ಷ, ಬಡ್ಡಿ ಶೇ. 11, ಅವಧಿ 5 ವರ್ಷ. ಇಳಿಯುವ ಅಸಲಿನ ಮೇಲೆ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 17,400 ರೂಪಾಯಿ.

ಗಾಡಿ ಮನೆ ಮುಂದೆ ನಿಂತಿದ್ದರೂ ತಪ್ಪದ ತಿಂಗಳ ಖರ್ಚು ಇಷ್ಟು:
ಕಂತು – 17,400 ರೂ.
ವಿಮೆ – 3,000 ರೂ.
ತೆರಿಗೆ, ಎಫ್.ಸಿ. ಇತ್ಯಾದಿ – 600 ರೂ.
ಡ್ರೈವರ್ ಸಂಬಳ – 15,000 ರೂ.
ಒಟ್ಟು – 36,000 ರೂ.

ಇದನ್ನು ಸ್ಥಿರ ವೆಚ್ಚ ಎನ್ನುತ್ತಾರೆ. ಗಾಡಿ ಓಡಿದರೆ ಮಾತ್ರ ಬರುವುದು ಚರ ವೆಚ್ಚ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ ಡೀಸೆಲ್ 90 ರೂಪಾಯಿ ಇದ್ದರೆ ಕಿಲೋಮೀಟರಿಗೆ 7 ರೂ. 50 ಪೈಸೆ. ಟೈರು, ಆಯಿಲ್, ಸರ್ವಿಸು, ರಿಪೇರಿಗೆಂದು 2 ರೂಪಾಯಿ ಸೇರಿಸಿದರೆ 9 ರೂ. 50 ಪೈಸೆ.

ಹಳ್ಳಿಯಿಂದ ಕೋಲಾರದ ಮಂಡಿಗೆ ಹೋಗಿ ಬರಲು 50 ಕಿ.ಮೀ. ಎನ್ನೋಣ. ಒಂದು ಟ್ರಿಪ್ಪಿನ ಚರ ವೆಚ್ಚ 475 ರೂಪಾಯಿ. ಅದೇ ಟ್ರಿಪ್ಪಿಗೆ ಬಾಡಿಗೆ ಗಾಡಿಯವರು 1,800 ರೂಪಾಯಿ ಕೇಳುತ್ತಾರೆ ಎಂದಿಟ್ಟುಕೊಂಡರೆ, ಸ್ವಂತ ಗಾಡಿಯಿಂದ ಟ್ರಿಪ್ಪಿಗೆ ಉಳಿಯುವುದು 1,325 ರೂಪಾಯಿ. ಸಾಮಾನ್ಯವಾಗಿ ಮನೆಗಳಲ್ಲಿ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ. "ನೋಡಿ, ಟ್ರಿಪ್ಪಿಗೆ ಸಾವಿರದ ಮುನ್ನೂರು ಉಳಿತಾಯ!"

ಆದರೆ ಆ 36,000 ರೂಪಾಯಿಯನ್ನು ತುಂಬಬೇಕಲ್ಲ? 36,000ವನ್ನು 1,325ರಿಂದ ಭಾಗಿಸಿ. ತಿಂಗಳಿಗೆ 28 ಟ್ರಿಪ್ಪು ಬೇಕು. ಅದಕ್ಕಿಂತ ಕಡಿಮೆ ಓಡಿದರೆ ನಷ್ಟ, ಹೆಚ್ಚು ಓಡಿದರೆ ಲಾಭ. ಅರ್ಥಶಾಸ್ತ್ರದ ಪಾಠದಲ್ಲಿ ಬರುವ ಸಮತೋಲನ ಬಿಂದು ಎಂದರೆ ಇದೇ.

ಈಗ ನಮ್ಮ ಕುಟುಂಬವನ್ನು ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹಣ್ಣು ಬಿಡಿಸಿದರೆ ತಿಂಗಳಿಗೆ 8 ಟ್ರಿಪ್ಪು. ವರ್ಷದಲ್ಲಿ ನಾಲ್ಕು ತಿಂಗಳು ಕೊಯ್ಲು ಎಂದರೆ 32 ಟ್ರಿಪ್ಪು. ಇದಕ್ಕೆ ಬಾಡಿಗೆ ವರ್ಷಕ್ಕೆ 57,600 ರೂಪಾಯಿ. ಸ್ವಂತ ಗಾಡಿಯ ಸ್ಥಿರ ವೆಚ್ಚವೇ ವರ್ಷಕ್ಕೆ 4,32,000 ರೂಪಾಯಿ. ಅದನ್ನು ತುಂಬಲು 327 ಟ್ರಿಪ್ಪು ಬೇಕು. ಮನೆಯ ಬೆಳೆಯಿಂದ 32 ಹೋದರೆ, ಉಳಿದ 295 ಟ್ರಿಪ್ಪು ಊರಿನ ಇತರರ ಸರಕಿನಿಂದ ಬರಬೇಕು.

ಅಂದರೆ ಈ ಕುಟುಂಬ ಕೊಳ್ಳುತ್ತಿರುವುದು ತಮ್ಮ ಟೊಮೆಟೊ ಸಾಗಿಸುವ ಗಾಡಿಯನ್ನಲ್ಲ; ಬಾಡಿಗೆ ಗಾಡಿಯ ವ್ಯಾಪಾರವನ್ನು. ಅಪ್ಪನಿಗೆ ಹೇಳಬೇಕಾದ ಮುಖ್ಯ ಮಾತು ಇದು. ಆ ವ್ಯಾಪಾರ ಮಾಡಲು ಮನೆಯಲ್ಲಿ ಆಸಕ್ತಿ ಇರುವವರಿದ್ದಾರೆಯೇ, ಊರಿನಲ್ಲಿ ಈಗಾಗಲೇ ಎಷ್ಟು ಗಾಡಿಗಳಿವೆ, ಯಾರು ಯಾರ ಸರಕು ಖಚಿತವಾಗಿ ಸಿಗುತ್ತದೆ ಎಂದು ವಿಚಾರಿಸಬೇಕು. ಮಂಡಿಯಿಂದ ಬರುವಾಗ ಖಾಲಿ ಬರದೆ ಗೊಬ್ಬರ, ಬೂಸಾ, ಹಿಂಡಿ ತಂದರೆ ಅದೇ ಡೀಸೆಲ್ಲಿಗೆ ಎರಡು ಆದಾಯ. ಲಾಭ ಕಂಡ ಗಾಡಿಗಳನ್ನು ಗಮನಿಸಿ, ಬರುವಾಗ ಅವು ಖಾಲಿ ಇರುವುದು ಅಪರೂಪ.

"ಡ್ರೈವರ್ ಯಾಕೆ, ಅಣ್ಣನೇ ಓಡಿಸುತ್ತಾನೆ" ಎಂದರೆ ಸ್ಥಿರ ವೆಚ್ಚ 21,000ಕ್ಕೆ ಇಳಿದು ತಿಂಗಳಿಗೆ 16 ಟ್ರಿಪ್ಪು ಸಾಕಾಗುತ್ತದೆ. ಆದರೆ ಅಣ್ಣ ಗಾಡಿಯಲ್ಲಿದ್ದ ದಿನ ತೋಟದಲ್ಲಿ ಇರುವುದಿಲ್ಲ; ಅಲ್ಲಿ ಆಳಿನ ಕೂಲಿ ಏರುತ್ತದೆ. ಆತನ ದುಡಿಮೆಗೂ ಬೆಲೆ ಇದೆ, ಅದನ್ನು ಸೊನ್ನೆ ಎಂದು ಬರೆಯಬಾರದು.

ಈ ಲೆಕ್ಕದಲ್ಲಿ ಮುಂಗಡದ 2 ಲಕ್ಷವನ್ನು ಸೇರಿಸಿಲ್ಲ. ಐದು ವರ್ಷದ ನಂತರ ಗಾಡಿಗೆ ಉಳಿಯುವ ಮರುಮಾರಾಟದ ಬೆಲೆಯನ್ನೂ ಸೇರಿಸಿಲ್ಲ. ಆ ಬೆಲೆ ಕೈಗೆ ಬಂದಾಗ ಬರಲಿ. ಕಂತು ಮಾತ್ರ ಪ್ರತಿ ತಿಂಗಳೂ ಕಟ್ಟಲೇಬೇಕು.

ಒಳ್ಳೆಯ ತಿಂಗಳನ್ನು ನಂಬಬೇಡಿ

2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದಿತ್ತು. ಬೆಳೆಯ ಬೆಲೆ ತಿಂಗಳಿಗೊಂದು ರೀತಿ. ಕಂತು ಅರವತ್ತು ತಿಂಗಳೂ ಒಂದೇ ರೀತಿ. ಆದ್ದರಿಂದ ಕೊಳ್ಳುವ ತೀರ್ಮಾನವನ್ನು ಒಳ್ಳೆಯ ತಿಂಗಳ ಆದಾಯದ ಮೇಲೆ ನಿಲ್ಲಿಸಬಾರದು. ಕಳೆದ ಮೂರು ವರ್ಷಗಳಲ್ಲಿ ತೀರ ಕೆಟ್ಟ ತಿಂಗಳು ಯಾವುದು, ಆ ತಿಂಗಳಲ್ಲಿ ಈ ಕಂತು ಕಟ್ಟಬಹುದಿತ್ತೇ ಎಂದು ಕೇಳಿಕೊಳ್ಳಿ. ಕನಿಷ್ಠ ಆರು ಕಂತಿನ ಹಣ ಕೈಯಲ್ಲಿಟ್ಟುಕೊಂಡು ಸಾಲಕ್ಕೆ ಹೋಗುವುದು ಕ್ಷೇಮ.

ಬಡ್ಡಿಯ ಒಳಗುಟ್ಟು

ಸಾಲದ ಕಾಗದದಲ್ಲಿ ಶೇ. 11 ಎಂದಷ್ಟೇ ನೋಡಿ ಸುಮ್ಮನಾಗಬೇಡಿ. ಬಡ್ಡಿಯಲ್ಲಿ ಎರಡು ಬಗೆ. ಕಟ್ಟಿದಂತೆ ಇಳಿಯುವ ಅಸಲಿನ ಮೇಲೆ ಹಾಕುವುದು ಒಂದು. ಇಡೀ ಐದು ವರ್ಷವೂ ಮೊದಲಿನ 8 ಲಕ್ಷದ ಮೇಲೆಯೇ ಹಾಕುವುದು ಇನ್ನೊಂದು. ಇದನ್ನು ಫ್ಲಾಟ್ ದರ ಎನ್ನುತ್ತಾರೆ. ಮೊದಲನೆಯದರಲ್ಲಿ ಒಟ್ಟು ಬಡ್ಡಿ ಸುಮಾರು 2,44,000 ರೂಪಾಯಿ. ಎರಡನೆಯದರಲ್ಲಿ 4,40,000 ರೂಪಾಯಿ, ಕಂತು 20,667. ಅಂದರೆ ಫ್ಲಾಟ್ ಶೇ. 11 ಎಂಬುದು ನಿಜದಲ್ಲಿ ಸುಮಾರು ಶೇ. 19ಕ್ಕೆ ಸಮ. ಗಣಿತದ ತರಗತಿಯಲ್ಲಿ ಕಲಿತ ಬಡ್ಡಿ ಲೆಕ್ಕ ಇಲ್ಲಿ ಮನೆಗೆ ಎರಡು ಲಕ್ಷ ಉಳಿಸಬಲ್ಲದು.

ಖಾಲಿ ಬಿಟ್ಟ ಕಾಗದಕ್ಕೆ ಯಾರೂ ಸಹಿ ಹಾಕಬಾರದು. ಗಾಡಿಯೇ ಸಾಲಕ್ಕೆ ಆಧಾರವಾಗಿರುವಾಗ ಜಮೀನಿನ ಪತ್ರವನ್ನೂ ಕೇಳಿದರೆ ಏಕೆಂದು ಕೇಳಿ. ಕಂತು ತಪ್ಪಿ ಗಾಡಿ ಹರಾಜಾದರೂ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಬಾಕಿ ಹಾಗೆಯೇ ಉಳಿಯುತ್ತದೆ. ಚಿಕ್ಕಪ್ಪನೋ ಸೋದರಮಾವನೋ ಜಾಮೀನು ಹಾಕಿದ್ದರೆ, 1872ರ ಕರಾರು ಕಾಯಿದೆಯಂತೆ ಸಾಲಗಾರನಷ್ಟೇ ಹೊಣೆ ಅವರ ಮೇಲೂ ಇರುತ್ತದೆ.

ಕಾನೂನಿನ ನಾಲ್ಕು ಮಾತು

ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ಕೆಲವು ಪಿಕಪ್‌ಗಳು ಈ ಗೆರೆಯ ಈಚೆಗೂ ಕೆಲವು ಆಚೆಗೂ ಇರುವುದರಿಂದ ಮೊದಲೇ ನೋಡಿಕೊಳ್ಳಬೇಕು. ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕಿಲೋಗಿಂತ ಕಡಿಮೆ ತೂಕದ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಜಾತ್ರೆಗೆ, ಮದುವೆಗೆ, ಕೂಲಿ ಕೆಲಸಕ್ಕೆ ಹಿಂದಿನ ತೊಟ್ಟಿಯಲ್ಲಿ ಜನರನ್ನು ಕೂರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಸರಕಿನ ಜೊತೆ ಹೋಗುವ ಅದರ ಮಾಲೀಕ ಅಥವಾ ಪ್ರತಿನಿಧಿಗೆ ವಿಮೆಯಲ್ಲಿ ಅವಕಾಶವಿದೆ. ಆದರೆ ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅಪಘಾತವಾದರೆ ಜೀವಗಳೂ ಹೋಗುತ್ತವೆ, ಪರಿಹಾರದ ಭಾರವೂ ಮಾಲೀಕನ ಮೇಲೆ ಬೀಳುತ್ತದೆ.

ಹಳೆಯ ಗಾಡಿ ಕೊಂಡರೆ?

ಬೆಲೆ ಕಡಿಮೆ, ಕಂತು ಕಡಿಮೆ. ಆದರೆ ರಿಪೇರಿ ಹೆಚ್ಚು. ಆರ್.ಸಿ.ಯಲ್ಲಿರುವ ಛಾಸಿ ಸಂಖ್ಯೆ ಗಾಡಿಯ ಮೇಲಿನ ಸಂಖ್ಯೆಗೆ ಹೊಂದಬೇಕು. ಹಿಂದಿನ ಸಾಲ ತೀರಿದ್ದಕ್ಕೆ ಸಾಲ ಕೊಟ್ಟವರ ಪತ್ರ ಮತ್ತು 35ನೇ ನಮೂನೆ ಇರಬೇಕು. ತೆರಿಗೆ, ಎಫ್.ಸಿ., ವಿಮೆ, ಬಾಕಿ ದಂಡ ಎಲ್ಲವನ್ನೂ ಪರಿಶೀಲಿಸಿ, ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ, ಹಣ ಕೊಟ್ಟ ಕೂಡಲೇ ಹೆಸರು ವರ್ಗಾಯಿಸಿಕೊಳ್ಳಬೇಕು.

ನೀವೇ ಮಾಡಿ ನೋಡಿ

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಮೂರು ತಿಂಗಳ ಕಾಲ ನಿಮ್ಮ ಮನೆಯಿಂದ ಯಾವ ದಿನ, ಎಷ್ಟು ಸರಕು, ಎಷ್ಟು ದೂರ ಹೋಯಿತು, ಎಷ್ಟು ಬಾಡಿಗೆ ಕೊಟ್ಟಿರಿ ಎಂದು ಬರೆಯಿರಿ. ಊರಿನ ಇಬ್ಬರು ಗಾಡಿ ಮಾಲೀಕರನ್ನು ಕಂಡು, ತಿಂಗಳಿಗೆ ಎಷ್ಟು ದಿನ ಗಾಡಿ ನಿಲ್ಲುತ್ತದೆ ಎಂದು ವಿಚಾರಿಸಿ. ಮೇಲಿನ ಲೆಕ್ಕದಲ್ಲಿ ಆ ಅಂಕಿಗಳನ್ನು ಹಾಕಿ. ಬೇಕಾದ ಟ್ರಿಪ್ಪಿಗಿಂತ ಸಿಗುವ ಟ್ರಿಪ್ಪು ಸ್ಪಷ್ಟವಾಗಿ ಹೆಚ್ಚಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಕಡಿಮೆಯಿದ್ದರೆ ಬಾಡಿಗೆ ಗಾಡಿಯವರೊಡನೆ ಸುಗ್ಗಿಯ ತಿಂಗಳಿಗೆಂದು ಮೊದಲೇ ಮಾತಾಡಿಕೊಳ್ಳಬಹುದು, ಅಥವಾ ನಾಲ್ಕು ಮನೆಯವರು ಸೇರಿ ಒಂದೇ ಗಾಡಿ ಗೊತ್ತು ಮಾಡಿಕೊಳ್ಳಬಹುದು.

ಹಿರಿಯರ ಆಸೆಗೆ ಅಡ್ಡ ಬರುವುದು ಇದರ ಉದ್ದೇಶವಲ್ಲ. ಅವರಿಗೆ ರಸ್ತೆ ಗೊತ್ತು, ಮಂಡಿ ಗೊತ್ತು, ಬೆಳೆ ಗೊತ್ತು. ನಿಮಗೆ ಭಾಗಾಕಾರ ಗೊತ್ತು. ಸಹಿ ಹಾಕುವ ಮೊದಲು ಇವೆರಡೂ ಒಂದೇ ಜಗಲಿಯ ಮೇಲೆ ಕೂರಲಿ.