ಪ್ರವೇಶ ದೊರೆತ ಮೇಲೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಊಟ ಮುಗಿದ ಮೇಲೆ ಮಾತು ಎತ್ತ ಹೊರಟರೂ ಕೊನೆಗೆ ಕಾಲೇಜು ಪ್ರವೇಶದ ಬಳಿ ಬಂದು ನಿಲ್ಲುವುದು ವಾಡಿಕೆ. ಯಾರ ಮಗಳಿಗೆ ಎಲ್ಲಿ ಸೀಟು ದೊರೆಯಿತು, ಯಾರ ಮಗನಿಗೆ ಅಷ್ಟು ಅಂಕವಿದ್ದೂ ಏಕೆ ತಪ್ಪಿತು ಎಂಬ ವಿಚಾರಣೆ ನಡುರಾತ್ರಿಯವರೆಗೂ ಸಾಗುತ್ತದೆ. ಪ್ರವೇಶದಲ್ಲಿ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳಕೂಡದೆಂದು 2023ರ ಜೂನ್ ತಿಂಗಳಲ್ಲಿ ಇಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲಂತೂ ಈ ಚರ್ಚೆಗೆ ಹೊಸ ಕಾವು ಬಂದಿದೆ. ಸಮಾನತೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರಲ್ಲಿ ಅರ್ಧ ಮಂದಿ ಹುಬ್ಬು ಗಂಟಿಕ್ಕುತ್ತಾರೆ. ಉಳಿದರ್ಧ ಮಂದಿ ಭಾಷಣ ಆರಂಭಿಸುತ್ತಾರೆ. ಮಧ್ಯಪಶ್ಚಿಮದ ಒಂದು ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಮೂವತ್ತು ವರ್ಷ ಪ್ರಥಮ ವರ್ಷದವರಿಗೆ ಗಣಿತ ಕಲಿಸಿರುವ ನನಗೆ ಈ ಎರಡೂ ಪಕ್ಷಗಳಲ್ಲಿ ಒಂದೇ ಕೊರತೆ ಕಾಣುತ್ತದೆ. ಇಬ್ಬರೂ ಬಾಗಿಲ ಬಳಿಯೇ ನಿಂತಿದ್ದಾರೆ. ಒಳಗೆ ಬಂದವರಲ್ಲಿ ಎಷ್ಟು ಮಂದಿ ಪದವಿ ಪಡೆದು ಹೊರಟರು, ಉಳಿದವರು ಎಲ್ಲಿ ಕಳೆದುಹೋದರು ಎಂದು ಕೇಳುವವರು ವಿರಳ.

ಆ ಪ್ರಶ್ನೆಯನ್ನು ಶ್ರದ್ಧೆಯಿಂದ ಕೇಳಿದವರಲ್ಲಿ ಯೂರಿ ಟ್ರೈಸ್ಮನ್ ಒಬ್ಬರು. 1970ರ ದಶಕದಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿದ್ದಾಗ ಅಲ್ಲಿಯ ಕ್ಯಾಲ್ಕುಲಸ್ ತರಗತಿಗಳಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಬಹಳವಾಗಿ ಸೋಲುತ್ತಿದ್ದರು. ಕಾರಣವೇನೆಂದರೆ ಅಧ್ಯಾಪಕರ ಬಳಿ ಉತ್ತರ ಸಿದ್ಧವಾಗಿತ್ತು: ಆಸಕ್ತಿಯಿಲ್ಲ, ತಳಹದಿ ಸಾಲದು, ಮನೆಯವರ ಒತ್ತಾಸೆಯಿಲ್ಲ, ಬಡತನ. (ಇದೇ ನಾಲ್ಕು ಕಾರಣಗಳನ್ನು ನಮ್ಮ ನಾಡಿನ ಸ್ಟಾಫ್ ರೂಮುಗಳಲ್ಲಿ ಬೇರೆ ಮಕ್ಕಳ ವಿಷಯವಾಗಿ ನಾನು ಕೇಳಿದ್ದುಂಟು.) ಟ್ರೈಸ್ಮನ್ ಈ ಉತ್ತರಗಳನ್ನು ಹಾಗೆಯೇ ಒಪ್ಪಲಿಲ್ಲ. ಇಪ್ಪತ್ತು ಮಂದಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಮತ್ತು ಇಪ್ಪತ್ತು ಮಂದಿ ಚೀನೀ ಮೂಲದ ವಿದ್ಯಾರ್ಥಿಗಳ ಒಡನೆಯೇ ಇದ್ದು ಅವರು ಓದುವ ಬಗೆಯನ್ನು ಗಮನಿಸಿದರು. ನಾಲ್ಕು ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಮೊದಲನೆಯ ಗುಂಪಿನವರು ಅಧ್ಯಾಪಕರು ಹೇಳಿದಂತೆಯೇ ವಾರಕ್ಕೆ ಸುಮಾರು 8 ಗಂಟೆ, ಒಬ್ಬೊಬ್ಬರೇ ಕುಳಿತು, ನಿಷ್ಠೆಯಿಂದ ಓದುತ್ತಿದ್ದರು. ಎರಡನೆಯವರು ಸುಮಾರು 14 ಗಂಟೆ ಓದುತ್ತಿದ್ದರು. ಒಂಟಿಯಾಗಿ ಓದಿದ ಮೇಲೆ ಸಂಜೆಗಳಲ್ಲಿ ಒಟ್ಟಾಗಿ ಸೇರಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಗುಂಪಿನಲ್ಲಿ ಯಾರಿಗೂ ಬಾರದ ಲೆಕ್ಕ ನಿಜಕ್ಕೂ ಕಠಿಣವಾದದ್ದೆಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಕುಳಿತವನಿಗೆ ಅದೇ ಲೆಕ್ಕ ತನ್ನ ದಡ್ಡತನದ ಸಾಕ್ಷಿಯಾಗಿ ತೋರುವುದು ಸಹಜ.

ಅನಂತರ ಟ್ರೈಸ್ಮನ್ ನಡೆಸಿದ ಕಾರ್ಯಾಗಾರದಲ್ಲಿ ಹಿಂದೆ ಬಿದ್ದವರಿಗಾಗಿ ಸುಲಭವಾದ ಪಾಠವಿರಲಿಲ್ಲ. ಜೊತೆಗೂಡಿ ಬಿಡಿಸಲೇಬೇಕಾದಂತಹ ಕಠಿಣವಾದ ಲೆಕ್ಕಗಳಿದ್ದವು. ಅಲ್ಲಿಗೆ ಬಂದವರ ಫಲಿತಾಂಶ ಗಣನೀಯವಾಗಿ ಏರಿತು. ಮಟ್ಟ ಇಳಿಸದೆ ಇದು ಸಾಧ್ಯವೇ ಎಂದು ಸ್ನೇಹಿತರು ನನ್ನನ್ನು ಆಗಾಗ ಕೇಳುತ್ತಾರೆ. ಅವರಿಗೆ ನಾನು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಲಾಡ್ ಅವರ ಉದಾಹರಣೆ ಕೊಡುತ್ತೇನೆ. ಅವರು 1999ರಲ್ಲಿ, ಎಸ್.ಎ.ಟಿ. ಅಂಕ ಸರಾಸರಿಗಿಂತ 200ರಷ್ಟು ಕಡಿಮೆಯಿದ್ದ 50 ವಿದ್ಯಾರ್ಥಿಗಳನ್ನು ಆಯ್ದು ಸಣ್ಣ ತರಗತಿಯೊಂದನ್ನು ಮಾಡಿದರು. ಉಪನ್ಯಾಸ ಅದೇ, ಪರೀಕ್ಷೆಯೂ ಅದೇ. ಹೆಚ್ಚಿನ ಕಲಿಕೆಯ ಸಮಯ, ಮಾರ್ಗದರ್ಶನ, ವಿಚಾರಿಸಿಕೊಳ್ಳುವವರು ಇಷ್ಟು ಮಾತ್ರ ಬೇರೆ. ದೊಡ್ಡ ತರಗತಿಯವರು ಪಡೆದಂತಹ ಶ್ರೇಣಿಗಳನ್ನೇ ಇವರೂ ಪಡೆದರು.

ನನ್ನ ತರಗತಿಯಲ್ಲಿ ನಾನು ಮಾಡುವುದು ಇನ್ನೂ ಸಣ್ಣ ಕೆಲಸ. ಮೊದಲ ಪರೀಕ್ಷೆಯನ್ನು ಮೂರನೆಯ ವಾರದಲ್ಲಿಯೇ ಇಡುತ್ತೇನೆ; ಏಳನೆಯ ವಾರದಲ್ಲಿ ತಿಳಿದ ಸೋಲಿಗೆ ಮದ್ದಿಲ್ಲ. ಅಂಕ ಕಡಿಮೆ ಬಂದವರ ಉತ್ತರಪತ್ರಿಕೆಯ ಮೇಲೆ, ಇಂಥ ದಿನ ಇಷ್ಟು ಗಂಟೆಗೆ ಬಾ ಎಂದು ಕೈಯಾರೆ ಬರೆಯುತ್ತೇನೆ. ಗುಂಪಿನ ಅಭ್ಯಾಸವನ್ನು ಸಂಜೆಗೆ ಬಿಡದೆ ತರಗತಿಯ ಅವಧಿಯೊಳಗೇ ಮಾಡಿಸುತ್ತೇನೆ, ಏಕೆಂದರೆ ಸಂಜೆ ಆರಕ್ಕೆ ಅಂಗಡಿಯ ಗಲ್ಲಾದಲ್ಲಿ ನಿಲ್ಲಬೇಕಾದವನು ಹಾಸ್ಟೆಲಿನ ಗೆಳೆಯರ ಗುಂಪಿಗೆ ಬರಲಾರ. ‘ಆಫೀಸ್ ಅವರ್ಸ್’ ಎಂಬ ಮಾತಿನ ಅರ್ಥವನ್ನು ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಮನೆತನದಲ್ಲಿ ಮೊದಲಿಗಳಾಗಿ ಕಾಲೇಜಿಗೆ ಬಂದಿದ್ದ ಹುಡುಗಿಯೊಬ್ಬಳು ಒಮ್ಮೆ, “ಅದು ನೀವು ನಿಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು, ತೊಂದರೆ ಕೊಡಬಾರದು ಎಂದುಕೊಂಡಿದ್ದೆ” ಎಂದಳು. ಅವಳ ತಿಳಿವಳಿಕೆಯಲ್ಲಿ ತಪ್ಪೇನಿದೆ? ಆ ಮಾತಿಗೆ ಆ ಅರ್ಥವೇ ಹೆಚ್ಚು ಹೊಂದುತ್ತದೆ.

ಇಂತಹ ಕೆಲಸವನ್ನು ಇಡೀ ವಿಶ್ವವಿದ್ಯಾನಿಲಯವೇ ಮಾಡಿದರೆ ಏನಾಗುವುದೆಂಬುದಕ್ಕೆ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾನಿಲಯ ನಿದರ್ಶನ. 2003ರಲ್ಲಿ ಅಲ್ಲಿ ಆರು ವರ್ಷಗಳೊಳಗೆ ಪದವಿ ಮುಗಿಸುತ್ತಿದ್ದವರು ಶೇಕಡಾ 32 ಮಾತ್ರ. ಸುಮಾರು ಒಂದು ದಶಕದಲ್ಲಿ ಅದು ಶೇಕಡಾ 50ನ್ನು ದಾಟಿತು. ಆಫ್ರಿಕನ್ ಅಮೆರಿಕನ್ನರು, ಹಿಸ್ಪಾನಿಕರು, ಬಡ ಮನೆಗಳಿಂದ ಬಂದವರು ಉಳಿದವರ ಸಮಕ್ಕೆ ಬಂದು ನಿಂತರು. ಅವರು ಮಾಡಿದ್ದಾದರೂ ಏನು? ಹಳೆಯ ದಾಖಲೆಗಳನ್ನು ತೆಗೆದು ವಿದ್ಯಾರ್ಥಿಗಳು ಎಲ್ಲೆಲ್ಲಿ ಎಡವುತ್ತಾರೆಂದು ನೋಡಿದರು. ತನ್ನ ಮುಖ್ಯ ವಿಷಯದ ಮೊದಲ ಕೋರ್ಸಿನಲ್ಲಿ ‘ಸಿ’ ಪಡೆದವನು ಹೇಗೂ ಪಾಸಾಗಿದ್ದಾನಲ್ಲ ಎಂದು ಯಾರೂ ಗಮನಿಸುತ್ತಿರಲಿಲ್ಲ. ಆದರೆ ಅಂಥವರಲ್ಲಿ ಪದವಿ ಮುಟ್ಟುವವರು ಬಹಳ ಕಡಿಮೆ ಎಂದು ಲೆಕ್ಕ ಹೇಳಿತು. 2012ರಿಂದ ಇಂತಹ ಸೂಚನೆ ಕಂಡೊಡನೆ ಸಲಹೆಗಾರರು ವಿದ್ಯಾರ್ಥಿಯನ್ನು ತಾವಾಗಿಯೇ ಕರೆಸಿ ಮಾತನಾಡುವ ಏರ್ಪಾಡು ಬಂದಿತು.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅವರ ಇನ್ನೊಂದು ಕ್ರಮ. ಶುಲ್ಕದ ಅಲ್ಪಸ್ವಲ್ಪ ಬಾಕಿಯಿಂದಾಗಿ ಪ್ರತಿ ಅವಧಿಯಲ್ಲೂ ಬಹಳ ಮಂದಿಯ ಹೆಸರು ತರಗತಿಗಳಿಂದ ತೆಗೆದುಹಾಕಲ್ಪಡುತ್ತಿತ್ತು. 2011ರಲ್ಲಿ ಆರಂಭವಾದ ಅವರ ಸಹಾಯಧನ ಆ ಬಾಕಿಯನ್ನು ತುಂಬುತ್ತದೆ. ಪದವಿಗೆ ಸಮೀಪಿಸಿದವರಿಗೆ ಆದ್ಯತೆ. ಸರಾಸರಿ ಮೊತ್ತ ಸುಮಾರು 900 ಡಾಲರ್. ಮೂರು ವರ್ಷ ಓದಿದವನು ಒಂಬೈನೂರು ಡಾಲರಿಗಾಗಿ ಮನೆಗೆ ಹೋಗುವುದೆಂದರೆ ವಿದ್ಯಾರ್ಥಿಗೂ ನಷ್ಟ, ಮುಂದಿನ ಶುಲ್ಕ ಕಳೆದುಕೊಳ್ಳುವ ವಿದ್ಯಾಸಂಸ್ಥೆಗೂ ನಷ್ಟ. ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿಯೂ 2007ರಿಂದ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ಒಂದು ಯೋಜನೆಯ ಮೂಲಕ ಪುಸ್ತಕದ ವೆಚ್ಚ, ಬಸ್ಸು-ರೈಲಿನ ಪಾಸು, ನಿಕಟವಾದ ಸಲಹೆ ಕೊಟ್ಟಿತು. ಯೋಜನೆಗೆ ಸೇರಿದವರನ್ನೂ ಸೇರದವರನ್ನೂ ಹೋಲಿಸಿದ ಅಧ್ಯಯನದಲ್ಲಿ ಮೂರು ವರ್ಷಗಳೊಳಗೆ ಪದವಿ ಪಡೆದವರು ಕ್ರಮವಾಗಿ ಶೇಕಡಾ 40 ಮತ್ತು 22. ಬಸ್ಸಿನ ಪಾಸನ್ನು ಶಿಕ್ಷಣ ನೀತಿಯೆಂದು ನಮ್ಮ ಸೆನೆಟ್ ಸಭೆಗಳಲ್ಲಿ ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

ಇಂದು ಈ ಕೆಲಸದ ಮೇಲೆ ಕಾರ್ಮೋಡ ಕವಿದಿದೆ. ಟೆಕ್ಸಸ್ ರಾಜ್ಯದ ಶಾಸನವೊಂದರ ಪ್ರಕಾರ 2024ರ ಜನವರಿ 1ರಿಂದ ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳು ಸಮಾನತೆಯ ಕಚೇರಿಗಳನ್ನು ನಡೆಸುವಂತಿಲ್ಲ. ಇತರ ಕೆಲವು ರಾಜ್ಯಗಳೂ ಅದೇ ಹಾದಿ ಹಿಡಿದಿವೆ. ಆ ಕಚೇರಿಗಳಲ್ಲಿ ಕೆಲವು ಫಲಕ ಬರೆಸುವುದಕ್ಕಿಂತ ಹೆಚ್ಚಿನದನ್ನು ಮಾಡಲಿಲ್ಲವೆಂಬುದು ನನ್ನ ಅಭಿಪ್ರಾಯ. ಕೆಲವು ಬಹಳ ಮಕ್ಕಳನ್ನು ಉಳಿಸಿದವು. ಆದರೆ ಮೂರನೆಯ ವಾರದ ಪರೀಕ್ಷೆಯನ್ನು, ಉತ್ತರಪತ್ರಿಕೆಯ ಮೇಲಿನ ಎರಡು ಸಾಲನ್ನು ಯಾವ ಶಾಸನವೂ ನಿಷೇಧಿಸಿಲ್ಲ. ಈ ಸಮ್ಮೇಳನಕ್ಕೆ ಬಂದಿರುವ ಪ್ರಾಧ್ಯಾಪಕ ಮಿತ್ರರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಇದು ನಮಗೆ ಪರಕೀಯವಾದ ವಿಚಾರವೇನಲ್ಲ. ನಮ್ಮ ಹಿರಿಯರ ತಲೆಮಾರಿನಲ್ಲಿ ವಾರಾನ್ನದ ಮೇಲೆ ಓದಿದವರೆಷ್ಟು ಮಂದಿ! ದಿನಕ್ಕೊಂದು ಮನೆಯಲ್ಲಿ ಊಟ. ಓದಿನ ನಡುವೆ ಹುಡುಗ ಊರಿಗೆ ಹಿಂದಿರುಗದಂತೆ ತಡೆದದ್ದು ಅದು. ವಾರಾನ್ನದ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲವೆಂಬುದನ್ನೂ ಹೇಳಬೇಕು. ಆ ಕೊರತೆಯನ್ನು ತುಂಬಲು ಮಠಗಳ ಮತ್ತು ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಬರಬೇಕಾಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಇಂದಿಗೂ ಅನ್ನ, ಆಶ್ರಯ, ವಿದ್ಯೆ ದೊರೆಯುತ್ತಿವೆ.

ನಮ್ಮ ಕನ್ನಡ ಕೂಟಗಳು ಕೊಡುವ ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ಹೈಸ್ಕೂಲು ಮುಗಿಸಿದ, ಅತಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ, ವೇದಿಕೆಯ ಮೇಲೆ, ಹಾರದೊಡನೆ ಸಲ್ಲುತ್ತವೆ. ಅದು ಇರಲಿ. ಅದರ ಜೊತೆಗೆ, ತಮ್ಮ ಊರಿನ ರಾಜ್ಯ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದು ಶುಲ್ಕದ ಬಾಕಿಯಿಂದ ನಿಂತುಹೋಗುತ್ತಿರುವ ಇಬ್ಬರು ಮಕ್ಕಳಿಗೆ, ಯಾವ ಭಾಷೆಯವರಾದರೂ ಸರಿ, ತಲಾ 900 ಡಾಲರನ್ನು ಸದ್ದಿಲ್ಲದೆ ಕಟ್ಟುವ ನಿಧಿಯೊಂದನ್ನು ಪ್ರತಿ ಕೂಟವೂ ಸ್ಥಾಪಿಸಬಹುದೆಂದು ಸೂಚಿಸುತ್ತೇನೆ. ಆ ಮಕ್ಕಳ ಪಟ್ಟಿ ಕಾಲೇಜಿನ ಶುಲ್ಕ ವಿಭಾಗದಲ್ಲಿಯೇ ಇರುತ್ತದೆ. ಹೆಸರುಗಳನ್ನು ಅವರು ಹೊರಗೆಡಹುವಂತಿಲ್ಲ. ಹಣವನ್ನು ಮಾತ್ರ ಸ್ವೀಕರಿಸಬಲ್ಲರು.