ಗಡಿ, ಮನೆಮಾತು ಮತ್ತು ಅನನ್ಯತೆ: ಚೆನ್ನೈ ಕನ್ನಡಿಗರ ನೆಲೆಯಿಂದ

ಜನಾಂಗೀಯ ಅನನ್ಯತೆಯನ್ನು ಹುಟ್ಟಿನಿಂದ ಬಂದ ಪಿತ್ರಾರ್ಜಿತ ಸೊತ್ತೆಂದು ಭಾವಿಸುವುದು ರೂಢಿ. ಈ ಭಾವನೆಯನ್ನು ಸಮಾಜಶಾಸ್ತ್ರವು ಬಹು ಹಿಂದೆಯೇ ಪ್ರಶ್ನಿಸಿದೆ. ಜನಾಂಗವನ್ನು ಕಟ್ಟುವುದು ಸಮಾನ ಮೂಲದ ಬಗೆಗಿನ ನಂಬಿಕೆಯೇ ಹೊರತು ಆ ಮೂಲದ ವಾಸ್ತವತೆಯಲ್ಲ ಎಂಬುದು ಮ್ಯಾಕ್ಸ್ ವೇಬರ್ ಅವರ ನಿಲುವು. ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ, ಗುಂಪಿನೊಳಗಿನ ಸಂಸ್ಕೃತಿಗಿಂತ ಗುಂಪುಗಳ ನಡುವಣ ಗಡಿಯನ್ನು ಅಧ್ಯಯನದ ಕೇಂದ್ರಕ್ಕೆ ತಂದರು. ಚೆನ್ನೈ ಕನ್ನಡಿಗರ ಇತಿಹಾಸವು ಈ ಎರಡೂ ವಿಚಾರಗಳನ್ನು ಒರೆಗೆ ಹಚ್ಚುತ್ತದೆ.

ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮದರಾಸು ಅಲ್ಲಿನ ಕನ್ನಡಿಗರಿಗೂ ರಾಜಧಾನಿಯಾಗಿತ್ತು. ವ್ಯಾಸಂಗಕ್ಕೆಂದೋ ಉದ್ಯೋಗಕ್ಕೆಂದೋ ಅಲ್ಲಿಗೆ ಹೋದವರು ತಮ್ಮ ಪ್ರಾಂತದೊಳಗೇ ಸಂಚರಿಸಿದವರು. ಉಡುಪಿ ಸೀಮೆಯ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದುದು ಇಂಥ ಸಂಚಾರದ ಫಲವೇ. 1953ರಲ್ಲಿ ಬಳ್ಳಾರಿಯ ಬಹುಭಾಗವೂ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಸೇರಿದವು. ಕಾಸರಗೋಡು ಕೇರಳದ ಪಾಲಾಯಿತು. ಮದರಾಸಿನ ಕನ್ನಡಿಗರು ಮನೆ ಬದಲಿಸಲಿಲ್ಲ, ಮಾತು ಬದಲಿಸಲಿಲ್ಲ, ಸರಿದದ್ದು ಗಡಿ. ಆದರೂ ಅವರು ‘ಭಾಷಾ ಅಲ್ಪಸಂಖ್ಯಾತ’ರಾದರು.

ಮನೆಮಾತೇ ಅನನ್ಯತೆಯನ್ನು ನಿರ್ಣಯಿಸುತ್ತದೆ ಎನ್ನುವಂತೆಯೂ ಇಲ್ಲ. ಮದರಾಸಿನಲ್ಲಿ ಎಂ.ಎ. ಪದವಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ‘ಕನ್ನಡದ ಆಸ್ತಿ’ ಎನಿಸಿಕೊಂಡರು. ಚೆನ್ನೈಯ ಕನ್ನಡ ಮನೆಗಳಲ್ಲಿ ಕಾಣುವುದು ಇದರ ಮರುಮುಖ. ಅಲ್ಲಿ ಮಾತು ಕನ್ನಡ. ಓದುಬರಹ ಬಹುಮಟ್ಟಿಗೆ ತಮಿಳು, ಇಂಗ್ಲಿಷ್. 2006ರ ತಮಿಳು ಕಲಿಕೆ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ ಮೇಲೆ, ಮಗುವಿಗೆ ಕನ್ನಡದ ಅಕ್ಷರ ಕಲಿಸುವುದು ಮನೆಯವರು ಪ್ರಯತ್ನಪೂರ್ವಕವಾಗಿ ಕೈಗೊಳ್ಳಬೇಕಾದ ನಿರ್ಧಾರವಾಯಿತು. ಹೀಗೆ ಅನನ್ಯತೆಯು ಪ್ರತಿಯೊಂದು ತಲೆಮಾರೂ ಹೊಸದಾಗಿ ಮಾಡಿಕೊಳ್ಳಬೇಕಾದ ಆಯ್ಕೆಯಾಗುತ್ತದೆ.

ಈ ಆಯ್ಕೆಗೂ ಮಿತಿಯಿದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ವಿವಾದ ಉಲ್ಬಣಿಸಿದಾಗ ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಎಸೆಯಲಾಯಿತು; ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ವಾಹನಗಳು ಸುಟ್ಟುಹೋದವು. ತಲೆಮಾರುಗಳಿಂದ ಒಂದು ಊರನ್ನು ತನ್ನದೆಂದು ಬಾಳಿದವನನ್ನು ಇಂಥ ಗಳಿಗೆಯಲ್ಲಿ ಒಂದೇ ಹೆಸರಿಗೆ ಇಳಿಸಲಾಗುತ್ತದೆ. ವ್ಯಕ್ತಿ ಒಳಗಿನಿಂದ ಒಪ್ಪಿಕೊಂಡ ಅನನ್ಯತೆ ಬೇರೆ, ಹೊರಗಿನವರು ಹೊರಿಸಿದ ಅನನ್ಯತೆ ಬೇರೆ. ಮೊದಲನೆಯದರಲ್ಲಿ ಎರಡು ಭಾಷೆಗಳಿಗೆ ಎಡೆಯುಂಟು, ಎರಡನೆಯದರಲ್ಲಿ ಇಲ್ಲ.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾಲಯವು ಅದನ್ನು 1968ರಿಂದ ಸಂಪುಟಗಳಲ್ಲಿ ಹೊರತಂದಿತು. ಆಗ ರಾಜ್ಯಗಳ ಗಡಿ ಸರಿದು ಹನ್ನೆರಡು ವರ್ಷಗಳಾಗಿದ್ದವು. ಕನ್ನಡದ ಕೆಲಸಕ್ಕೆ ಕನ್ನಡನಾಡಿನ ಎಲ್ಲೆಯೇ ಎಲ್ಲೆಯಲ್ಲ ಎಂಬುದಕ್ಕೆ ಆ ಸಂಪುಟಗಳೇ ಸಾಕ್ಷಿ. ಅಕ್ಷರವಿಲ್ಲದ ಮನೆಮಾತು ಬಂಧುಬಳಗವನ್ನು ಒಟ್ಟುಗೂಡಿಸಬಲ್ಲುದು. ಪಂಪನಿಂದ ಕುವೆಂಪುವರೆಗಿನ ಪರಂಪರೆಗೆ ವಾರಸುದಾರನನ್ನಾಗಿಸಲು ಅಕ್ಷರವೇ ಬೇಕು. ಚೆನ್ನೈ ಕನ್ನಡಿಗನ ಅನನ್ಯತೆಯ ಮುಂದಿನ ಸ್ವರೂಪವನ್ನು ನಿರ್ಧರಿಸುವುದು ಈ ವ್ಯತ್ಯಾಸ.